ಬಿಳಿಗಿರಿ ಸತ್ತ ಭಾನುವಾರ

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಆ ಕವಡೆ ಓರೆಯಾಗೇ ಬಿದ್ದಿತ್ತು. ಬಾಯಿ ಮೇಲಾಗಿತ್ತು ಅಂತ ಬಿಳಿಗಿರಿ ಇವತ್ತಿಗೂ ವಾದ ಮಾಡ್ತಾನೆ, ಮಾಡ್ಲಿ. ನಾನು ಪುಟ್ಟಬಸಪ್ಪ, ಕೊಳ್ಳೇಗಾಲದಲ್ಲಿ ಎಷ್ಟೋ ವರ್ಷದಿಂದ ಬೋರ್ಡು ಬರೆಯೋನು. ಯಾವುದು ನೆಟ್ಟಗೆ, ಯಾವುದು ಓರೆ ಅಂತ ನನಗೆ ಇನ್ನೊಬ್ಬರು ಹೇಳಿಕೊಡಬೇಕಾಗಿಲ್ಲ.

ಇದು 1999ರ ಮಾತು. ನನ್ನ ಗೆಳೆಯ ಮಹದೇವಪ್ರಸಾದು ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೇಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ. ಬೇಕಾದ ಹಾಡು ಚೀಟೀಲಿ ಬರೆದುಕೊಟ್ರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡೋನು. ಹಂಗೆ ಖಾಲಿ ಕ್ಯಾಸೆಟ್ ತರೋಕೆ ಮೈಸೂರಿಗೆ ಹೋದಾಗ, ಹಳೇ ಪುಸ್ತಕದ ಅಂಗಡೀಲಿ ಒಂದು ಇಂಗ್ಲಿಷ್ ಪುಸ್ತಕ ಕಂಡು ನನಗೆ ಅಂತ ತಂದ. ರಟ್ಟಿನ ಮೇಲೆ ರೆಕ್ಕೆ ಇರೋ ದೊಡ್ಡ ಹಾವು, ಅದರ ಎದುರಿಗೆ ಕತ್ತಿ ಹಿಡಿದ ಒಬ್ಬ ಹೆಂಗಸು. "ತಗಳ್ಲಾ, ನಿನ್ನಂಗೇ ತಲೆಕೆಟ್ಟೋನು ಯಾವನೋ ಬರ್ದವ್ನೆ" ಅಂದ. ನಾನು ಎರಡು ತಿಂಗಳು ಅದರೊಳಗಿನ ಚಿತ್ರ ನೋಡ್ಕೊಂಡೇ ಕಾಲ ಕಳೆದೆ. ಅಕ್ಷರದ ಗೋಜಿಗೆ ಹೋಗಲಿಲ್ಲ.

ಅದು ಆಟದ ಪುಸ್ತಕ ಅಂತ ಕಂಡುಹಿಡಿದದ್ದು ಪ್ರಸಾದನ ಹೆಂಡತಿ ಸೌಮ್ಯ. ಹೈಸ್ಕೂಲಲ್ಲಿ ಇಂಗ್ಲಿಷ್ ಹೇಳಿಕೊಡೋ ಮೇಡಂ ಅವರು. "ಅಣ್ಣ, ಇದು ಎಲ್ಲರೂ ಕೂತು ಕತೆ ಕಟ್ಟೋ ಆಟ. ಎದುರಿಗೆ ಗವಿ ಐತೆ, ಒಳಗೆ ರಾಕ್ಷಸ ಅವ್ನೆ ಅಂತ ಒಬ್ಬರು ಹೇಳ್ತಾ ಹೋಗಬೇಕು. ಮಿಕ್ಕೋರು ಒಂದೊಂದು ಪಾತ್ರ ಆಗಿ, ನಾನು ಹಿಂಗೆ ಮಾಡ್ತೀನಿ ಅನ್ನಬೇಕು. ಮಾಡಿದ್ದು ಆಯ್ತೋ ಇಲ್ವೋ ಅಂತ ದಾಳ ಹೇಳುತ್ತೆ" ಅಂದ್ರು. ಆ ದಾಳಕ್ಕೆ ಇಪ್ಪತ್ತು ಮುಖ ಬೇಕಂತೆ. ಕೊಳ್ಳೇಗಾಲದಲ್ಲಿ ಎಲ್ಲಿಂದ ತರೋದು? ನಮ್ಮವ್ವನ ಹನ್ನೆರಡು ಕವಡೆ ತಂದು ಚಾಪೆ ಮೇಲೆ ಸುರಿದೆ. ಎಸೆಯೋದು, ಬಾಯಿ ಮೇಲಾದವನ್ನ ಎಣಿಸೋದು. ಅಷ್ಟೇ.

ಗವಿ ಆಟ ಅಂತ ಹೆಸರಿಟ್ಟು ಪ್ರತಿ ಭಾನುವಾರ ಮಧ್ಯಾಹ್ನ ಅಂಗಡಿ ಹಿಂದಿನ ಕೋಣೇಲಿ ಶುರುಮಾಡ್ಕೊಂಡ್ವಿ. ಕತೆ ಹೇಳೋನು, ತೀರ್ಪು ಕೊಡೋನು ನಾನು. ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ಒಂದೊಂದು ವಾರಕ್ಕೆ ಒಂದೊಂದು ರಾಕ್ಷಸನ್ನ ಬರೆದು ತರ್ತಿದ್ದೆ. ಬೋರ್ಡಲ್ಲಿ ಬರೀ ಅಕ್ಷರ ಬರೆದು ಬರೆದು ಕೈ ಜಡ್ಡುಗಟ್ಟಿತ್ತು, ಈಗ ಮೂರು ಕಣ್ಣು, ಆರು ಬಾಲ ಬರೆಯೋ ಸುಖ. ಪ್ರಸಾದು ಎರಡು ಟೇಪ್‌ರೆಕಾರ್ಡರ್ ಇಟ್ಕೊಂಡು ಜಾಗಕ್ಕೆ ತಕ್ಕ ಸಂಗೀತ ಹಾಕೋನು. ಗವಿಯೊಳಗೆ ನಡೆಯೋವಾಗ ಕಂಸಾಳೆ, ಹೊಡೆದಾಟಕ್ಕೆ ಯಾವುದೋ ದೇಶದೋರ ಗಿಟಾರು. ಒಂದೊಂದ್ಸಲ ಎರಡೂ ಒಟ್ಟಿಗೆ ಹಾಕ್ಬಿಡೋನು, ಮೈ ಜುಂ ಅನ್ನೋದು ಕಣ್ರಿ.

ನಾಲ್ಕನೆಯವನೇ ಬಿಳಿಗಿರಿ. ಕಾಡಂಚಿನ ಹೂಗ್ಯಂ ಊರಿನ ಹುಡುಗ, ಕೊಳ್ಳೇಗಾಲದ ರೇಷ್ಮೆಗೂಡಿನ ಮಾರ್ಕೆಟ್ಟಲ್ಲಿ ತೂಕ ಬರೆಯೋ ಕೆಲಸ. ಪಾತ್ರಕ್ಕೆ ಒಂದು ಹೆಸರಿಟ್ಕೊಳ್ಳಿ ಅಂತ ಪುಸ್ತಕದಲ್ಲಿ ಇತ್ತು, ಸೌಮ್ಯ ಮೇಡಂ ಓದಿಯೂ ಹೇಳಿದ್ರು. "ಅವ್ವ ಅಪ್ಪ ಇಟ್ಟಿರೋ ಎಸ್ರು ಒಂದೈತಲ್ಲಾ, ಇನ್ನೊಂದ್ಯಾಕೆ?" ಅಂದ ಬಿಳಿಗಿರಿ. ಸರಿ ಅನ್ನಿಸ್ತು. ಎಲ್ಲರೂ ಸ್ವಂತ ಹೆಸರಲ್ಲೇ ಗವಿಗೆ ಇಳಿದ್ವಿ. ನಾವು ಮಾಡಿದ ತಪ್ಪು ಅದೇ.

ಆ ಭಾನುವಾರ ಬಿಳಿಗಿರಿ ಆಟಕ್ಕೆ ಅಂತ ಬಂದಿರಲಿಲ್ಲ. ಅವನ ತಂಗಿ ಪವಿತ್ರಂಗೆ ಮಂಗಳವಾರ ಧಾರೆ. ಬೆಳಗ್ಗೆ ತಾನೇ ಹೂಗ್ಯಂನಲ್ಲಿ ಮನೆ ಮುಂದೆ ಚಪ್ಪರ ಹಾಕಿದ್ರು. ನೇಯ್ಗೆಯವರ ಮನೆಯಿಂದ ಧಾರೆ ಸೀರೆ ಇಸ್ಕೊಂಡು, ನಮ್ಮ ಪ್ರಸಾದನ ಹತ್ರ ಮದುವೆಗೆ ನಾಗಸ್ವರದ ಕ್ಯಾಸೆಟ್ ತುಂಬಿಸ್ಕೊಂಡು ಹೋಗೋಕೆ ಬಂದಿದ್ದ. ಜೊತೇಲಿ ಪಕ್ಕದ ಮನೆಯ ಚಿಕ್ಕಸಿದ್ದಯ್ಯ ಎಲೆ ಅಡಿಕೆ ತರೋಕೆ ಬಂದಿದ್ದ. "ಸಿದ್ದಣ್ಣ, ಮೂರೂಕಾಲಿಗೆ ಇಲ್ಲಿಗೇ ಬಾ, ಮೂರೂವರೆ ಬಸ್ಸಿಗೆ ಓಗುಮಾ" ಅಂತ ಅವನನ್ನ ಪೇಟೆಗೆ ಕಳಿಸಿ, ಇವನು ನಮ್ಮ ಕಡೆ ತಿರುಗಿ, "ಒಂದ್ ಗಂಟೆ ಐತಲ್ಲಾ, ಒಂದ್ ಕೈ ಆಡ್ಬುಡುಮಾ" ಅಂದ. ಇದನ್ನ ಗಟ್ಟಿಯಾಗಿ ಹೇಳ್ತಿದ್ದೀನಿ, ಯಾಕಂದ್ರೆ ಆಮೇಲೆ ತಪ್ಪೆಲ್ಲಾ ನನ್ನ ತಲೆ ಮೇಲೆ ಬಂತು.

ಅವತ್ತಿನ ಗವೀಲಿ ಕಲ್ಲಿನ ಯಾಳಿ. ಹದಿನೈದು ದಿನ ಕೂತು ಬರೆದಿದ್ದೆ. ಸಿಂಹದ ಮೈ, ಆನೆ ಸೊಂಡಿಲು, ಹಳದಿ ಕಣ್ಣು, ಎತ್ತಿದ ಮುಂಗಾಲು, ಆ ಕಾಲ ಕೆಳಗೆ ತಲೆಗೆ ಟವೆಲ್ ಸುತ್ತಿದ ಬಿಳಿಗಿರಿ, ಗವೀಲಿ ಮೊದಲು ನುಗ್ಗೋನು ಅವನೇ ಅಂತ. ತಪ್ಪಿಸ್ಕೊಳ್ಳೋಕೆ ಅವನಿಗೆ ಐದು ಬೀಳಬೇಕು. ಎಸೆದ. ನಾಲ್ಕು ಕವಡೆ ಬಾಯಿ ಮೇಲೆ, ಐದನೇದು ಚಾಪೆ ಅಂಚಿಗೆ ಒರಗಿ ನಿಂತಿತ್ತು.

"ಐದು! ನೋಡ್ಲಾ ಬಸಪ್ಪ, ಬಾಯಿ ಮೇಲ್ಕೈತೆ!"

"ಓರೆ ಐತೆ. ಓರೆ ಬಿದ್ದದ್ದು ಲೆಕ್ಕಕ್ಕಿಲ್ಲ."

"ಹೋಗ್ಲಿ ಬಿಡಿ ಅಣ್ಣ, ತಂಗಿ ಮದುವೆ ಇಟ್ಕೊಂಡಿರೋರು" ಅಂದ್ರು ಸೌಮ್ಯ.

"ಯಾಳಿಗೆ ಮದುವೆ ಗಿದುವೆ ಗೊತ್ತಿಲ್ಲ ಮೇಡಂ" ಅಂದೆ. ನನ್ನ ಸ್ವಭಾವವೇ ಅಷ್ಟು. ಒಂದ್ಸಲ ಸಡಿಲ ಬಿಟ್ರೆ ಆಟ ಎಲ್ಲಿ ಉಳೀತು? ಗಂಟಲು ಸರಿಮಾಡ್ಕೊಂಡು, ಬೀದಿಗೆಲ್ಲಾ ಕೇಳೋ ಹಂಗೆ ತೀರ್ಪು ಕೊಟ್ಟೆ: "ಬಿಳಿಗಿರಿ ಸತ್ತೋದ!"

ಬಿಳಿಗಿರಿಗೆ ಕೋಪ ಬಂತು. ಟವೆಲ್ಲನ್ನ ಮುಖದ ಮೇಲೆ ಎಳ್ಕೊಂಡು ಚಾಪೆ ಮೇಲೆ ಉದ್ದಕ್ಕೆ ಮಲಗಿಬಿಟ್ಟ. ಪ್ರಸಾದಂಗೆ ಇಂಥದ್ದೇ ಬೇಕಾಗಿತ್ತು. ಕ್ಯಾಸೆಟ್ ಹುಡುಕಿ ಹಾಕ್ದ. ಒಬ್ಬ ಮುದುಕಿ ಗೋಳಾಡಿ ಹಾಡೋ ದನಿ ಕೋಣೆ ತುಂಬ್ಕೊಂತು. "ನನ್ನಪ್ಪಾ... ಏಳದಂಗೆ ಮಲಗಿದ್ಯಲ್ಲೋ... ನನ್ನ ಕೊಟ್ಟಿಗೆ ಬೆಳಕೇ..."

ಆ ದನಿ ಬಿಳಿಗಿರಿಯ ಅಜ್ಜಿ ಕೆಂಪಾಜಮ್ಮಂದು. ಅದರ ಹಿಂದಿನ ವರ್ಷ ಪ್ರಸಾದು ಅಜ್ಜಿಯ ಸೋಬಾನೆ ಪದ ತುಂಬ್ಕೊಳ್ಳೋಕೆ ಹೂಗ್ಯಂಗೆ ಹೋಗಿದ್ದ. ಅವತ್ತೇ ಅವರ ಮನೆ ಎತ್ತು ಸತ್ತಿತ್ತು. ಅಜ್ಜಿ ಎತ್ತಿನ ತಲೆ ಹತ್ರ ಕೂತು ಅತ್ತದ್ದನ್ನ ಇವನು ಟೇಪಿಗೆ ಹಿಡಿದಿದ್ದ. "ಸಾವಿಲ್ದೆ ಅದ ಆಡುಸ್ಬ್ಯಾಡ ಕನ ಮಗ" ಅಂತ ಅಜ್ಜಿ ಬಾಯಿಬಿಟ್ಟು ಹೇಳಿದ್ರು. ಇವನು ಹೂಂ ಅಂದು ಬಂದಿದ್ದ.

ನಾನು ಕತೆ ಮುಂದುವರಿಸಿದೆ. "ಈಗ ಬಾಡಿ ಸಾಗಿಸಬೇಕು. ಊರು ದೂರ, ಇರೋರು ಇಬ್ಬರೇ. ಹೊತ್ಕಂಡು ಓಯ್ತೀರೋ, ಏನು ಮಾಡ್ತೀರೋ?"

"ಯಾರು ಹೊರ್ತಾರೆ ಅವನ್ನ, ಇಲ್ಲೇ ಮಣ್ಣು ಮಾಡ್ಬುಡುಮಾ" ಅಂದ ಪ್ರಸಾದು.

"ಅವರ ಚೀಲ, ಕತ್ತಿ ಎಲ್ಲಾ ನಾವು ತಗೋಬಹುದಲ್ವಾ ಅಣ್ಣ?" ಅಂತ ಸೌಮ್ಯ ಮೇಡಂ ಕೇಳಿದ್ರು.

ಹಿಂಗೇ ಅರ್ಧ ಗಂಟೆ ಕಳೆದ ಮೇಲೆ ಪಕ್ಕದ ಅಂಗಡಿಯ ಟೈಲರು ಪರದೆ ಸರಿಸಿ ತಲೆ ತೂರಿಸ್ದ. "ಏನ್ರಪ್ಪಾ, ಯಾರು ಹೋಗಿದ್ದು? ಹೂಗ್ಯಂ ಕಡೆಯೋನು ಒಬ್ಬ ಇಲ್ಲಿ ಪರದೆ ಸಂದೀಲಿ ಇಣುಕಿ ನೋಡ್ದೋನು, ಟವೆಲ್ ಬಾಯಿಗೆ ತುರ್ಕಂಡು ಬಸ್‌ಸ್ಟ್ಯಾಂಡ್ ಕಡೆ ಓಡ್ದ." ಕೌಂಟರಿನ ಮೇಲೆ ಎರಡು ಕಟ್ಟು ವೀಳ್ಯದೆಲೆ ಹಂಗೇ ಬಿದ್ದಿತ್ತು. ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷ, ಆಟದ ಗುಂಗಲ್ಲಿ ಮೂರೂವರೆ ಬಸ್ಸು ಮರೆತೇ ಹೋಗಿತ್ತು.

ಬಿಳಿಗಿರಿ ಎದ್ದು ಕೂತ. "ಸಿದ್ದಣ್ಣ ಎಣ ಅಂದ್ರೆ ಅತ್ತು ಮಾರು ದೂರ ನಿಲ್ಲೋನು ಕಣ್ರೋ, ಒಳಕ್ಕೆ ಬಂದು ನೋಡಿರಕ್ಕಿಲ್ಲ. ಸೀದಾ ಊರ್ಗೋಗಿ ಸಾವಿನ ಸುದ್ದಿ ಏಳ್ಬುಡ್ತಾನೆ. ಅಯ್ಯೋ, ಇವತ್ತು ಚಪ್ಪರ ಆಕವ್ರಲ್ರೋ!"

ನಮ್ಮ ಕಡೆಯೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಚಪ್ಪರ ಹಾಕಿದ ಮನೆಗೆ ಸಾವಿನ ಸುದ್ದಿ ಬಂದ್ರೆ ಚಪ್ಪರ ಬಿಚ್ತಾರೆ. ಬಿಚ್ಚಿದ ಚಪ್ಪರವನ್ನ ಅದೇ ಗಂಡಿಗೆ ಅಂತ ಮತ್ತೆ ಹಾಕೋರು ಯಾರೂ ಇಲ್ಲ. ಪವಿತ್ರನ ಗಂಡು ಯಳಂದೂರಿನ ಹುಡುಗ. ಮೂರು ಗಂಡು ಬೇಡ ಅಂದಿದ್ದ ಪವಿತ್ರ, ಇವನನ್ನ ನೋಡಿ ತಾನಾಗೇ ಹೂಂ ಅಂದಿದ್ದಳು. ನನ್ನ ಒಂದು ಓರೆ ಕವಡೆ ಈಗ ಆ ಮದುವೆ ಮುರಿಯೋಕೆ ಹೊರಟಿತ್ತು.

ಸೌಮ್ಯ ಎಸ್‌ಟಿಡಿ ಬೂತಿಗೆ ಓಡಿದ್ರು. ಹೂಗ್ಯಂನಲ್ಲಿ ಅವರಿಗೆ ಗೊತ್ತಿದ್ದ ಫೋನು ಸೊಸೈಟೀದು ಒಂದೇ, ಭಾನುವಾರ ಅದಕ್ಕೆ ಬೀಗ. ಬೆಲ್ಲು ಹೊಡ್ಕೊಳ್ತಾನೇ ಇತ್ತು. ಪ್ರಸಾದನ ಸ್ಕೂಟರಿಗೆ ಮೂವರೂ ಹತ್ತಿದ್ವಿ. ಮುಂದೆ ಪ್ರಸಾದು, ನಡುವೆ ಸೀರೆ ಗಂಟು ಅಪ್ಕೊಂಡ ಬಿಳಿಗಿರಿ, ಹಿಂದೆ ನಾನು. ನನ್ನ ಕಂಕುಳಲ್ಲಿ ಯಾಳಿ ಚಿತ್ರದ ಸುರುಳಿ. ಇದು ಬರೀ ಆಟ ಅಂತ ತೋರಿಸೋಕೆ ಅಂತ ತಗೊಂಡಿದ್ದೆ. ನನ್ನ ಬುದ್ಧಿಗಿಷ್ಟು!

ಹನೂರಿನಲ್ಲಿ ಅರ್ಧ ಗಂಟೆ ನಿಂತು ಹೊರಟಿದ್ದ ಬಸ್ಸಿನ ಹಿಂಭಾಗ ಕಂಡಿತು. ಇನ್ನೇನು ಹಿಡಿದ್ವಿ ಅನ್ನೋವಾಗ ಮುಂದೆ ಪೊಲೀಸಿನವರ ಚೆಕ್‌ಪೋಸ್ಟು. ಬಸ್ಸನ್ನ ಬಿಟ್ರು, ನಮ್ಮನ್ನ ಹಿಡಿದ್ರು. ಕಾಡ ರಸ್ತೆ, ಒಂದು ಸ್ಕೂಟರಲ್ಲಿ ಮೂರು ಜನ, ಕಂಕುಳಲ್ಲಿ ಸುರುಳಿ, ಯಾರು ಬಿಡ್ತಾರೆ?

"ಎಲ್ಲಿಗೋ ಇಷ್ಟು ಅವಸರ?" ಅಂದ ಪೇದೆ.

"ನಾನು ಸತ್ತೋಗಿವ್ನಿ ಅಂತ ನಮ್ಮನೇಲಿ ಅಳ್ತಾವ್ರೆ ಸಾ. ನಾನೇ ಓಗಿ ಇಲ್ಲ ಅಂತ ಏಳ್ಬೇಕು" ಅಂದ ಬಿಳಿಗಿರಿ.

ಅದಕ್ಕೆ ಮುಕ್ಕಾಲು ಗಂಟೆ ಕೂರಿಸಿದ್ರು. ಸುರುಳಿ ಬಿಚ್ಚಿ ಯಾಳಿಯನ್ನ ನೋಡಿ, ಇನ್ನೊಬ್ಬರನ್ನ ಕರೆದು ತೋರಿಸಿ, ಆಮೇಲೆ ಸೀರೆ ಗಂಟಿನಲ್ಲಿದ್ದ ಲಗ್ನಪತ್ರಿಕೆ ಓದಿ, ಕೊನೆಗೆ ನಗಾಡಿ ಬಿಟ್ಟರು. ನನಗೆ ನಗು ಬರಲಿಲ್ಲ. ರಾಮಾಪುರ ದಾಟಿದ ಮೇಲೆ ಬಿಳಿಗಿರಿ, "ಬಸಪ್ಪ, ಅವ್ಳ ಮದ್ವೆ ನಿಂತೋದ್ರೆ ನಾನು ನಿಜವಾಗ್ಲೂ ಸಾಯ್ತೀನಿ ಕಣ್ಲಾ" ಅಂದ.

ಹೂಗ್ಯಂ ಸೇರೋವಾಗ ಇನ್ನೂ ಬಿಸಿಲಿತ್ತು. ಬೀದಿ ತಿರುವಿನಲ್ಲೇ ಅಳು ಕೇಳಿಸ್ತು. ಹಸಿ ತೆಂಗಿನ ಗರಿ ಚಪ್ಪರದ ಕೆಳಗೆ ಇಡೀ ಊರೇ ಸೇರಿತ್ತು. ಒಬ್ಬ ಏಣಿ ತಂದು ಚಪ್ಪರಕ್ಕೆ ಒರಗಿಸ್ತಿದ್ದ. ಬಿಳಿಗಿರಿ ಸ್ಕೂಟರ್ ನಿಲ್ಲೋದಕ್ಕೂ ಕಾಯದೆ ಹಾರಿ, "ಗರಿ ಮುಟ್ಬ್ಯಾಡ್ರೋ!" ಅಂತ ಕಿರುಚ್ಕೊಂಡು ಓಡ್ದ.

ಅವನನ್ನ ನೋಡಿ ಹೆಂಗಸರು ಚೀರಿ ಚೆಲ್ಲಾಪಿಲ್ಲಿಯಾದ್ರು. ಏಣಿಯವನು ಏಣಿ ಬಿಟ್ಟು ಓಡ್ದ. ಚಿಕ್ಕಸಿದ್ದಯ್ಯನಂತೂ "ದೆವ್ವ! ದೆವ್ವ!" ಅಂತ ಹುಲ್ಲಿನ ಮೆದೆ ಹಿಂದಕ್ಕೆ ಹೋಗಿ ಅಡಗ್ದ. ಓಡದೇ ನಿಂತೋಳು ಪವಿತ್ರ ಒಬ್ಬಳೇ. ಅರಿಶಿನ ಹಚ್ಚಿದ ಮುಖ, ಕಣ್ಣೀರಿನ ಗೆರೆ. ನೆಟ್ಟಗೆ ಬಂದು ಅಣ್ಣನ ಕೆನ್ನೆಗೆ ಎರಡು ಬಾರಿಸಿ, ಆಮೇಲೆ ತಬ್ಬಿಕೊಂಡು ಜೋರಾಗಿ ಅತ್ತಳು. ಅವರವ್ವ, ಅವರಪ್ಪ ಇಬ್ಬರೂ ಅವನ ತೋಳು, ಬೆನ್ನು ಸವರಿ ಸವರಿ ನೋಡಿದ್ರು. ಅಬ್ಬಾ, ಮುಗೀತಪ್ಪಾ ಅಂದ್ಕೊಂಡೆ.

ಮುಗಿದಿರಲಿಲ್ಲ. ಗಂಡಿನ ಸೋದರಮಾವ ಶಿವನಂಜಯ್ಯ ಅನ್ನೋರು ಯಳಂದೂರಿನಿಂದ ಶಾಸ್ತ್ರಕ್ಕೆ ಅಂತ ಬಂದು ಕೂತಿದ್ರು. ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ಎದ್ದರು. "ಹುಡುಗ ಬದುಕಿರೋದು ಸಂತೋಷ ಕಣ್ರಪ್ಪಾ. ಆದ್ರೆ ಸಾವಿನ ಅಳು ಬಿದ್ದ ಚಪ್ಪರದಲ್ಲಿ ಧಾರೆ ಹೆಂಗೆ ಎರೆಯೋದು? ನಮ್ಮಕ್ಕನಿಗೆ ನಾನು ಏನು ಹೇಳ್ಲಿ? ಅಷ್ಟಕ್ಕೂ ಈ ಸುದ್ದಿ ಹುಟ್ಟಿದ್ದು ಎಲ್ಲಿಂದ?"

ಎಲ್ಲರೂ ನಮ್ಮ ಕಡೆ ನೋಡಿದ್ರು. ನಾನು ಮುಂದೆ ಹೋಗಿ ಸುರುಳಿ ಬಿಚ್ಚಿದೆ. "ಏನಿಲ್ಲ ಯಜಮಾನ್ರೆ, ಇದೊಂದು ಆಟ. ಈ ಯಾಳಿ ಬಿಳಿಗಿರಿಯನ್ನ ತುಳಿದು ಸಾಯಿಸ್ತು, ನಾವು ಅಲ್ಲೇ ಮಣ್ಣು ಮಾಡೋಣ ಅಂತ..." ಅಂದೆ. ಹೇಳ್ತಾ ಹೇಳ್ತಾ ನನಗೇ ಗೊತ್ತಾಯ್ತು, ಬಾಯಿ ಮುಚ್ಚಿಕೊಂಡಿದ್ರೆ ಚೆನ್ನಾಗಿತ್ತು ಅಂತ. ಚಪ್ಪರದ ಕೆಳಗೆ, ಮದುವಣಗಿತ್ತಿ ಎದುರಿಗೆ, ಅವಳ ಅಣ್ಣನ ಎದೆ ಮೇಲೆ ಕಾಲಿಡೋ ರಾಕ್ಷಸನ್ನ ಬಿಚ್ಚಿ ಹಿಡ್ಕೊಂಡು ನಿಂತಿದ್ದೆ. ಶಿವನಂಜಯ್ಯನೋರು ಎರಡು ಹೆಜ್ಜೆ ಹಿಂದಕ್ಕೆ ಸರಿದ್ರು.

ಆಗ ಜಗಲಿ ಮೂಲೆಯಿಂದ ಬರ್ತಿದ್ದ ಟಕ್ ಟಕ್ ಸದ್ದು ನಿಂತಿತು. ಕೆಂಪಾಜಮ್ಮ ಅಲ್ಲಿ ಎಲೆ ಅಡಿಕೆ ಕುಟ್ತಾ ಕೂತಿದ್ರು. ಇಡೀ ಊರು ಅಳೋವಾಗ ಅಳದೇ ಇದ್ದೋರು ಅವರೊಬ್ಬರೇ ಅನ್ನೋದು ನನಗೆ ಆಗಲೇ ಕಣ್ಣಿಗೆ ಬಿದ್ದದ್ದು.

"ಬಿಳಿಗಿರಿ" ಅಂದ್ರು ಅಜ್ಜಿ. "ಇವತ್ತು ನಿನ್ನ ತಲೆಗೆ ಕಾಗೆ ಮುಟ್ಟಿದ್ದ ಇವ್ರಿಗೆ ಏಳ್ನಿಲ್ವೇನ್ಲಾ?"

ಬಿಳಿಗಿರಿ ಪಿಳಿಪಿಳಿ ಕಣ್ಣು ಬಿಟ್ಟ. ನನಗೆ ಮಾತ್ರ ಒಳಗೆ ದೀಪ ಹತ್ತಿದಂಗಾಯ್ತು. ಕಾಗೆ ತಲೆ ಮುಟ್ಟಿದ್ರೆ ಸಾವು ಬೆನ್ನಿಗೆ ಬಿತ್ತು ಅಂತ ನಮ್ಮ ಕಡೆ ನಂಬಿಕೆ. ಅದಕ್ಕೆ ಪರಿಹಾರವೂ ಉಂಟು. ಆ ಮನುಷ್ಯ ಸತ್ತೋದ ಅಂತ ಮನೆಯವರಿಗೆ, ನೆಂಟರಿಗೆ ಸುಳ್ಳು ಸುದ್ದಿ ಕಳಿಸ್ತಾರೆ. ಅವರು ಸುಳ್ಳು ಅಂತ ಗೊತ್ತಿಲ್ಲದೆ ನಿಜವಾಗಿ ಅಳಬೇಕು. ಆ ಕಣ್ಣೀರಿಗೇ ದೋಷ ಕಳೆದುಹೋಗುತ್ತೆ.

"ನೀನು ಜೊತೇಲಿದ್ದಲ್ಲಪ್ಪಾ ಬೋರ್ಡು ಬರೆಯೋನೆ" ಅಂತ ಅಜ್ಜಿ ನನ್ನ ಕಡೆ ತಿರುಗಿದ್ರು. "ನೀನೇ ಏಳು."

ಶಿವನಂಜಯ್ಯನೋರು ನನ್ನ ಮುಖವನ್ನೇ ನೋಡ್ತಿದ್ರು. "ಕಣ್ಣಾರೆ ಕಂಡ್ರಾ?"

ಕವಡೆ ವಿಷಯದಲ್ಲಿ ನಾನು ಒಂದು ದಿನ ಸುಳ್ಳು ಹೇಳಿದೋನಲ್ಲ. ಪ್ರಸಾದನ ಹೆಂಡತಿ ಕೇಳ್ಕೊಂಡ್ರೂ ಸಡಿಲ ಬಿಟ್ಟೋನಲ್ಲ. ಪವಿತ್ರ ಚಪ್ಪರದ ಕಂಬ ಹಿಡ್ಕೊಂಡು ನಿಂತಿದ್ದಳು.

"ಕಂಡೆ" ಅಂದೆ. "ತಲೆ ಮೇಲೇ ಕೂತ್ಕೊಂತು. ದಪ್ಪ ಕಾಗೆ. ಅದಕ್ಕೇ ನಾವೆಲ್ಲಾ ಸೇರಿ ಇವನು ಸತ್ತೋದ ಅಂತ ಗಟ್ಟಿಯಾಗಿ ಅಂದ್ವಿ."

ಶಿವನಂಜಯ್ಯನೋರ ಮುಖ ಹಂಗೇ ಅರಳಿತು. "ಅಲ್ಲಾ ಕಣ್ರೀ, ಇದನ್ನ ಮೊದಲೇ ಹೇಳ್ಬಾರ್ದಾ! ನಮ್ಮ ತಮ್ಮನಿಗೂ ಒಂದ್ಸಲ ಹಿಂಗೇ ಮಾಡಿದ್ವಿ. ಮದುವೆ ಮನೇಲಿ ದೋಷ ಇಟ್ಕೊಂಡು ಧಾರೆ ಎರೆಯೋಕಾಗ್ತದಾ, ಕಳೆದದ್ದು ಒಳ್ಳೇದೇ ಆಯ್ತು." ಆಮೇಲೆ ಏನೋ ಅನುಮಾನ ಬಂದು, ಸುತ್ತ ನೋಡಿ ಕೇಳಿದ್ರು: "ಎಲ್ಲಾ ಸರಿಯಾಗಿ ಅತ್ರಾ?"

"ಅತ್ವಿ ಸಾಮಿ, ಗಂಟ್ಲು ಕಟ್ಟೋಗೈತೆ" ಅಂದಳು ಒಬ್ಬಳು.

"ನಾನೂ ಅತ್ತೆ" ಅಂದ್ರು ಶಿವನಂಜಯ್ಯ, ಸ್ವಲ್ಪ ನಾಚ್ಕೊಂಡು.

ಚಿಕ್ಕಸಿದ್ದಯ್ಯ ಮೆದೆ ಹಿಂದಿನಿಂದ ಬಂದು, "ನಂಗ್ಯಾರೂ ಕಾಗೆ ಇಚಾರ ಏಳ್ನೇ ಇಲ್ವಲ್ರೋ!" ಅಂತ ಗೋಳಾಡ್ದ. "ನಿಂಗೆ ಏಳಿದ್ರೆ ನೀನು ಇಂಗೆ ಅಳ್ತಿದ್ದೇನ್ಲಾ?" ಅಂದ್ರು ಅಜ್ಜಿ. ಜನವೆಲ್ಲಾ ಹೋ ಅಂತ ನಕ್ಕರು. ಯಾರೋ ಏಣಿ ತಗೊಂಡು ಹೋದ್ರು. ಅದು ಬೀದಿ ತಿರುವು ದಾಟೋವರೆಗೂ ನೋಡ್ತಾ ನಿಂತಿದ್ದೆ. ಆಮೇಲೆ ಅಲ್ಲೇ ನೆಲದ ಮೇಲೆ ಕೂತೆ. ಕಣ್ಣಲ್ಲಿ ನೀರು ಬಂತು. ಪವಿತ್ರ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟು, "ಕುಡೀರಣ್ಣ" ಅಂದಳು. ಅಂಥ ಮಜ್ಜಿಗೆ ನಾನು ಇನ್ನೊಂದ್ಸಲ ಕುಡಿದಿಲ್ಲ.

ಎಲ್ಲಾ ಒಳಗೆ ಹೋದ ಮೇಲೆ ಅಜ್ಜಿ ನಮ್ಮ ಮೂವರನ್ನ ಹಿತ್ತಲಿಗೆ ಕರೆದ್ರು. ಮೊದಲು ಪ್ರಸಾದನ ಕಿವಿ ಹಿಡಿದ್ರು. "ಸಾವಿಲ್ದೆ ಆಡುಸ್ಬ್ಯಾಡ ಅಂದಿದ್ನಲ್ಲಾ?"

"ನಿಮಗೆ ಹೆಂಗೆ ಗೊತ್ತಾಯ್ತಜ್ಜಿ?" ಅಂದ ಅವನು, ಕಿವಿ ಬಿಡಿಸ್ಕೊಳ್ಳೋ ಧೈರ್ಯ ಇಲ್ಲದೆ.

"ಆ ಸಿದ್ದ ಬಂದು ನನ್ನೆದುರಿಗೇ ನಿಂತ್ಕಂಡು, ಅಜ್ಜಿ, ಕೊಳ್ಳೇಗಾಲದಲ್ಲಿ ನೀನು ಎಣದ ಪಕ್ಕ ಕೂತು ಕೊಟ್ಟಿಗೆ ಬೆಳಕೇ ಅಂತ ಅಳ್ತಿದ್ದೆ ಅಂತಾನೆ! ನಾನಿಲ್ಲಿ ಅಡಿಕೆ ಕುಟ್ತಾ ಇವ್ನಿ. ಆಗ್ಲೇ ಇದು ಟೇಪು, ನಿಮ್ಮ ಉಡುಗಾಟ ಅಂತ ತಿಳೀತು. ಕೊಟ್ಟಿಗೆ ಬೆಳಕು ಅಂತ ಮೊಮ್ಮಗನ್ನ ಯಾವಳು ಅಳ್ತಾಳ್ಲಾ? ಅದು ನಮ್ಮೆತ್ತಿಗೆ ಏಳಿದ್ದು. ಇವ್ರಿಗೂ ಅಂದೆ, ಆ ಅಳುವಿನಾಗೆ ಮುದುಕಿ ಮಾತು ಯಾರು ಕೇಳ್ತಾರೆ?" ಆಮೇಲೆ ನನ್ನ ಕಂಕುಳಿನ ಸುರುಳಿ ಬಿಚ್ಚಿಸಿ, ಯಾಳಿಯನ್ನ ಬಹಳ ಹೊತ್ತು ನೋಡಿದ್ರು. "ಕಣ್ಣು ಚೆನ್ನಾಗಿ ಬರ್ದಿದ್ದೀಯ. ಆದ್ರೆ ನನ್ನಿಂದಾಗಿ ನೀನು ಒಂದು ಸುಳ್ಳು ಏಳ್ಬುಟ್ಟೆ ಕನಪ್ಪಾ. ಅದ ನೀನೇ ಸರಿ ಮಾಡ್ಕೋ" ಅಂದ್ರು.

ಮಂಗಳವಾರ ಅದೇ ಚಪ್ಪರದ ಕೆಳಗೆ ಧಾರೆ ಆಯ್ತು. ಪ್ರಸಾದು ಕ್ಯಾಸೆಟ್ ಹಾಕೋ ಮುಂಚೆ ಅದರ ಮೇಲಿನ ಚೀಟಿಯನ್ನ ಮೂರು ಸಲ ಓದಿ, ಸೌಮ್ಯ ಅವರ ಕೈಲೂ ಒಂದ್ಸಲ ಓದಿಸ್ದ. ನಾಗಸ್ವರವೇ ಬಂತು.

ಮುಂದಿನ ಭಾನುವಾರ ಬಿಳಿಗಿರಿ ಹೊಸ ಹಾಳೆ ತಂದ. ಹೊಸ ಪಾತ್ರ, ಹೊಸ ಹೆಸರು, ಎಲ್ಲಾ ಬರ್ಕೊಂಡು ಬಂದಿದ್ದ. ಮುಖ ಸಪ್ಪಗಿತ್ತು. ಇಷ್ಟು ದಿನ ಗವೀಲಿ ಓಡಾಡಿದ ಬಿಳಿಗಿರಿಯನ್ನ ಬಿಟ್ಟು ಬರೋದು ಅವನಿಗೆ ಕಷ್ಟ ಆಗಿತ್ತು ಅಂತ ಕಾಣ್ತಿತ್ತು. "ಆ ಕವಡೆ ಬಾಯಿ ಮೇಲಿತ್ತು ಕಣ್ಲಾ" ಅಂದ, ಮೆತ್ತಗೆ.

"ಓರೆ ಇತ್ತು" ಅಂದೆ. "ಓರೆ ಬಿದ್ದದ್ದು ಲೆಕ್ಕಕ್ಕಿಲ್ಲ."

ಯಾಳಿಯ ಚಿತ್ರವನ್ನ ಚಾಪೆ ಮೇಲೆ ಹರಡಿದೆ. ಸಣ್ಣ ಬ್ರಷ್ಷು ತಗೊಂಡು ಕಪ್ಪು ಬಣ್ಣದಲ್ಲಿ ಅದ್ದಿ, ಕಾಲ ಕೆಳಗೆ ಬಿದ್ದಿದ್ದ ಬಿಳಿಗಿರಿಯ ತಲೆ ಮೇಲೆ ಒಂದು ಕಾಗೆ ಬರೆದೆ. ದಪ್ಪ ಕಾಗೆ, ಶಿವನಂಜಯ್ಯನೋರಿಗೆ ಹೇಳಿದ ಅಳತೆಯದೇ. ಬ್ರಷ್ಷು ತೊಳೆದು ಪಕ್ಕಕ್ಕಿಟ್ಟೆ.

"ಕಾಗೆ ಮುಟ್ಟೈತೆ. ಊರೆಲ್ಲಾ ಅತ್ತೂ ಆಗೈತೆ" ಅಂದೆ. "ಏಳ್ಲಾ ಮೇಲಕ್ಕೆ."